ಸಂಬಳಕ್ಕೆ ಆಡುವ ಮಾತು

ಪದವಿ ಮುಗಿಸಿದ ನಿಮ್ಮ ಮಗಳು “ಅಪ್ಪಾ, ನಾನು ಸಾರ್ವಜನಿಕ ಸಂಪರ್ಕದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮಾಡ್ತೀನಿ” ಎಂದರೆ ನೀವು ಏನು ಕೇಳುತ್ತೀರಿ? ಫೀಸು ಎಷ್ಟು, ಎಷ್ಟು ತಿಂಗಳ ಕೋರ್ಸು, ಮುಗಿದ ಮೇಲೆ ಕೆಲಸ ಸಿಗುತ್ತದೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಮನೆಯಲ್ಲಿ ಅಜ್ಜಿ ಇದ್ದರೆ ಅವರು ಇನ್ನೊಂದನ್ನೂ ಕೇಳಿಯಾರು: “ದುಡ್ಡು ಕೊಟ್ಟವರನ್ನು ಹೊಗಳೋದಕ್ಕೂ ಒಂದು ಓದು ಬೇಕಾ ಮಗಾ? ಅದು ಸುಳ್ಳು ಹೇಳೋ ಕೆಲಸ ಅಲ್ವಾ?” ಅಜ್ಜಿಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಮೊದಲು ಆ ಓದು ಯಾವುದೆಂದು ತಿಳಿಯೋಣ. ಪತ್ರಿಕಾ ಪ್ರಕಟಣೆ ಬರೆಯುವುದು, ಪತ್ರಿಕಾಗೋಷ್ಠಿ ಏರ್ಪಡಿಸುವುದು, ಸಂಸ್ಥೆಯ ಗೃಹಪತ್ರಿಕೆ ಹೊರತರುವುದು, ಜನರ ಅಭಿಪ್ರಾಯ ತಿಳಿಯುವುದು, ಅವಘಡವಾದಾಗ ಸಂಸ್ಥೆಯ ಪರವಾಗಿ ಮಾತನಾಡುವುದು, ಇವೇ ಅಲ್ಲಿನ ಮುಖ್ಯ ಪಾಠಗಳು. ಮುಂಬಯಿಯಲ್ಲಿ ಯೇಸುಸಭೆಯ ಗುರುಗಳು 1969ರಲ್ಲಿ ಆರಂಭಿಸಿದ ಕ್ಸೇವಿಯರ್ ಸಂವಹನ ಸಂಸ್ಥೆಯೂ ಈ ವಿಷಯವನ್ನು ಕಲಿಸುತ್ತ ಬಂದಿದೆ. 1958ರಲ್ಲಿ ಹುಟ್ಟಿದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘವು 1968ರಲ್ಲಿ ತನ್ನವರಿಗೆಂದು ಒಂದು ನೀತಿಸಂಹಿತೆಯನ್ನೇ ಒಪ್ಪಿಕೊಂಡಿತು. ಸತ್ಯವನ್ನು ಬೇರೆ ಅಗತ್ಯಗಳಿಗೆ ಬಲಿಕೊಡಬಾರದೆಂಬುದು ಅದರಲ್ಲಿದೆ. ಆದ್ದರಿಂದ ಇದು ಸುಳ್ಳು ಕಲಿಸುವ ಶಾಲೆಯಲ್ಲ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ಹೇಳಿಬಿಡಬೇಕೇ? ಇಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಯನ್ನು ವಿವರಿಸುತ್ತಾ, ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ಬಿಚ್ಚಿಡುವ ಹಂಗು ಯಾರಿಗೂ ಇಲ್ಲವೆಂದು ಬೋಧಿಸುತ್ತದೆ. ವೈದ್ಯರು ರೋಗಿಯ ಗುಟ್ಟನ್ನು ಕಾಯುತ್ತಾರೆ, ಗುರುಗಳು ಪಾಪನಿವೇದನೆಯ ಗುಟ್ಟನ್ನು ಕಾಯುತ್ತಾರೆ. ಸಂಸ್ಥೆಗೂ ತನ್ನ ಗುಟ್ಟುಗಳಿರಬಹುದು. ಮಾತನ್ನು ಆರಿಸಿ ಆಡುವುದು ಪಾಪವಲ್ಲ.

ಆದರೆ ಎಲ್ಲಿಯವರೆಗೆ? ನಮ್ಮಲ್ಲಿ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇದೆ. ಹುಡುಗನ ಅಡುಗೆ ಚೆನ್ನಾಗಿಲ್ಲವೆಂಬುದನ್ನು ಮುಚ್ಚಿಟ್ಟರೆ ಯಾರ ಮನೆಯೂ ಹಾಳಾಗದು. ಅವನ ಕುಡಿತವನ್ನು ಮುಚ್ಚಿಟ್ಟರೆ? ಅದರ ಕಷ್ಟವನ್ನು ಬಾಳೆಲ್ಲ ಹೊರುವವಳು ಆ ಹುಡುಗಿ. ಹೊರುವವಳಿಗೆ ತಿಳಿಯುವ ಹಕ್ಕಿದೆ. ಸಂಸ್ಥೆಗಳಿಗೂ ಇದೇ ಅಳತೆ. ಕಾರ್ಖಾನೆಯ ಲೆಕ್ಕ ಹೊರಗಿನವರಿಗೆ ಬೇಕಿಲ್ಲ. ಕಾರ್ಖಾನೆಯ ಕೊಳಚೆ ಸೇರುವ ಬಾವಿಯ ನೀರು ಕುಡಿಯುವವರಿಗೆ ಆ ಸುದ್ದಿ ಬೇಕೇಬೇಕು. ಅಲ್ಲಿ ಮೌನವೂ ಸುಳ್ಳುಸಾಕ್ಷಿಯೇ.

ಇಷ್ಟು ತಿಳಿದವರೂ ಎಲ್ಲಿ ಎಡವುತ್ತಾರೆ? ಈ ವೃತ್ತಿಯ ಆದಿಪುರುಷರಲ್ಲಿ ಒಬ್ಬನೆನಿಸಿದ ಅಮೆರಿಕದ ಐವಿ ಲೀ ಎಂಬಾತನ ಕಥೆ ಕೇಳಿ. ಪತ್ರಕರ್ತನಾಗಿದ್ದ ಈತ 1906ರಲ್ಲಿ ಪತ್ರಿಕೆಗಳಿಗೆ ಒಂದು ಪ್ರಕಟಣೆ ಕಳಿಸಿ, ತನ್ನ ಕೆಲಸವೆಲ್ಲ ಬಹಿರಂಗವಾಗಿರುತ್ತದೆ, ಕೊಡುವ ಮಾಹಿತಿ ನಿಖರವಾಗಿರುತ್ತದೆ ಎಂದು ಸಾರಿದ. ಎಂಟು ವರ್ಷ ಕಳೆಯಿತು. 1914ರ ಏಪ್ರಿಲ್ 20ರಂದು ಕೊಲರಾಡೊದ ಲಡ್ಲೋ ಎಂಬಲ್ಲಿ, ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ಸಶಸ್ತ್ರ ಪಡೆ ಬಿತ್ತು. ಡೇರೆಗಳು ಸುಟ್ಟುಹೋದವು. ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು ಮತ್ತು 2 ಹೆಂಗಸರು ಸತ್ತರು. ಅಲ್ಲಿನ ದೊಡ್ಡ ಗಣಿ ಕಂಪೆನಿಯ ಒಡೆತನವಿದ್ದ ರಾಕ್‌ಫೆಲ್ಲರ್ ಕುಟುಂಬ ಲೀಯನ್ನು ನೇಮಿಸಿಕೊಂಡಿತು. ಗಣಿ ಮಾಲೀಕರ ಪರವಾಗಿ ಆತ ದೇಶಕ್ಕೆಲ್ಲ ಕರಪತ್ರ ಹಂಚಿದ. ಅವುಗಳಲ್ಲಿ ಸುಳ್ಳು ಸಂಗತಿಗಳಿದ್ದವು. 1915ರಲ್ಲಿ ವಿಚಾರಣಾ ಆಯೋಗದ ಮುಂದೆ ನಿಂತಾಗ ಆತ ಒಪ್ಪಿಕೊಂಡದ್ದು ಇಷ್ಟು: ಮಾಲೀಕರು ಕೊಟ್ಟ ಸಂಗತಿ ನಿಜವೇ ಎಂದು ತಾನು ಪರೀಕ್ಷಿಸಲೇ ಇಲ್ಲ.

ಗಮನಿಸಿ. ಆತ ಸುಳ್ಳನ್ನು ತಾನೇ ಕಟ್ಟಿದೆನೆಂದು ಹೇಳಲಿಲ್ಲ. ಕೊಟ್ಟದ್ದನ್ನು ಕೇಳದೆ ಬರೆದೆನೆಂದ. ಈ ಕೆಲಸದಲ್ಲಿ ನಿಜವಾದ ಶೋಧನೆ ಇದು. “ಸುಳ್ಳು ಬರೆ” ಎಂದು ಯಾವ ಮೇಲಧಿಕಾರಿಯೂ ಬಾಯಿಬಿಟ್ಟು ಹೇಳಲಿಕ್ಕಿಲ್ಲ. “ನಾಲ್ಕು ಗಂಟೆಯೊಳಗೆ ಕಳಿಸಿಬಿಡಮ್ಮ” ಎಂದಷ್ಟೇ ಹೇಳುತ್ತಾರೆ. ಕೇಳಿದರೆ ತಿಳಿದುಬಿಡುತ್ತದೆ, ತಿಳಿದರೆ ಬರೆಯಲಾಗದು, ಆದ್ದರಿಂದ ಕೇಳದಿರುವುದೇ ಸುಖ ಎಂದು ಮನಸ್ಸು ಪಾಠ ಹೇಳುತ್ತದೆ. ಆದರೆ ಕೇಳಬಹುದಾಗಿದ್ದವನ ಅಜ್ಞಾನ ನಿರಪರಾಧವಲ್ಲ.

ಸತ್ಯ ಹೇಳಿ ಗೆದ್ದವರೂ ಇದ್ದಾರೆ. 1982ರಲ್ಲಿ ಷಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಲ್ಲಿ ಸಯನೈಡ್ ಬೆರೆಸಿ 7 ಮಂದಿ ಸತ್ತರು. ಆಗ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ ಜನರನ್ನು ಬಹಿರಂಗವಾಗಿ ಎಚ್ಚರಿಸಿ, ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಕಳೆದುಕೊಂಡ ವ್ಯಾಪಾರವೂ ಕ್ರಮೇಣ ಮರಳಿತು. ಈ ವೃತ್ತಿಯ ಪಾಠಗಳಲ್ಲಿ ಇದು ಹೆಸರಾದ ಉದಾಹರಣೆ. ಪಾಠ ಒಳ್ಳೆಯದೇ. ಆದರೆ ಸತ್ಯದಿಂದ ಲಾಭವಿದೆ ಎಂದಷ್ಟೇ ಕಲಿತ ಮಗು, ಸತ್ಯದಿಂದ ನಷ್ಟವಾಗುವ ದಿನ ಏನು ಮಾಡೀತು?

ಆ ದಿನಕ್ಕಾಗಿ ಪ್ರವಾದಿ ನಾತಾನನನ್ನು ನೆನೆಯಿರಿ. ದಾವೀದ ಅರಸನ ಅಪರಾಧವನ್ನು ಅವನು ಬೀದಿಯಲ್ಲಿ ಕೂಗಲಿಲ್ಲ, ಅರಮನೆಯಲ್ಲಿ ಮುಚ್ಚಿಡಲೂ ಇಲ್ಲ. ಬಡವನ ಕುರಿಮರಿಯ ಕಥೆ ಹೇಳಿ ಅರಸನ ಕಣ್ಣು ತೆರೆಸಿದ. ಸಂಸ್ಥೆಯ ಮಾತನ್ನು ಜನರಿಗೆ ಮುಟ್ಟಿಸುವವರು ಜನರ ಮಾತನ್ನೂ ಸಂಸ್ಥೆಗೆ ಮುಟ್ಟಿಸಬೇಕು. ಆ ಓದಿನ ಅರ್ಧಭಾಗ ಇದೇ, ಬೇಗ ಮರೆತುಹೋಗುವ ಅರ್ಧಭಾಗವೂ ಇದೇ.

ತಂದೆತಾಯಂದಿರೇ, ನಿಮ್ಮ ಪಾಲು ಏನು? ಸಾಲ ಕೇಳಲು ಬಂದವರಿಗೆ “ಅಪ್ಪ ಮನೆಯಲ್ಲಿಲ್ಲ ಅಂತ ಹೇಳು” ಎಂದು ಮಗುವನ್ನು ಬಾಗಿಲಿಗೆ ಕಳಿಸುತ್ತೀರಲ್ಲ, ಅದೇ ಆ ಮಗುವಿನ ಮೊದಲ ಸಾರ್ವಜನಿಕ ಸಂಪರ್ಕದ ಪಾಠ. ಅದನ್ನು ಇಂದೇ ನಿಲ್ಲಿಸಿ. ಇನ್ನೊಂದು ಮಾತು. ಫೀಸಿಗೆ ಸಾಲ ಮಾಡಿರುತ್ತೀರಿ, ಕಂತು ಕಟ್ಟಬೇಕಿರುತ್ತದೆ. ಆ ಕಂತನ್ನು ನೆನೆದೇ ಅನೇಕರು ಕೇಳದೆ ಬರೆಯುತ್ತಾರೆ. ಆದ್ದರಿಂದ ಮಗಳು ಕೆಲಸಕ್ಕೆ ಸೇರುವ ಮೊದಲೇ ಹೇಳಿಬಿಡಿ: “ಇದು ನಿಜವಾ ಅಂತ ಕೇಳು. ಸುಳ್ಳಾದ್ರೆ ಯಾರಿಗೆ ಪೆಟ್ಟು ಬೀಳುತ್ತೆ ಅಂತ ಯೋಚಿಸು. ಕೇಳಿದ್ದಕ್ಕೆ ಕೆಲಸ ಹೋದ್ರೆ ಮನೆಗೆ ಬಾ. ಊಟಕ್ಕೆ ಕೊರತೆ ಇಲ್ಲ, ಕಂತನ್ನು ಹೇಗೋ ಕಟ್ಟೋಣ.” ಈ ಒಂದು ಮಾತಿನ ಬಲದ ಮೇಲೆ ಅವಳು ಆ ದಿನ ಪೆನ್ನು ಕೆಳಗಿಟ್ಟು “ಸರ್, ಇದು ನಿಜವೇ?” ಎಂದು ಕೇಳಬಲ್ಲಳು.