ನಾಲ್ಕು ಎಂಜಿನ್, ಒಂದೇ ಬುದ್ಧಿ

ಒಂದು ದೋಣಿಗೆ ಎರಡು ಎಂಜಿನ್ ಏಕೆ? ವೇಗಕ್ಕೆ ಎನ್ನುವುದು ಅರ್ಧ ಉತ್ತರ. ನಡುನೀರಿನಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ದಡ ಸೇರಿಸಲಿ ಎನ್ನುವುದು ಉಳಿದರ್ಧ. ಎರಡನೆಯ ಎಂಜಿನ್ ಎಂದರೆ ಮೊದಲನೆಯದರ ಮೇಲೆ ನಾವು ಇಟ್ಟುಕೊಂಡ ಒಂದಿಷ್ಟು ಅಪನಂಬಿಕೆ. ಕಡಲಿನ ವಿಷಯದಲ್ಲಿ ಅಂಥ ಅಪನಂಬಿಕೆಗೆ ವಿವೇಕ ಎಂದೇ ಹೆಸರು.

ಇಂದಿನ ದೊಡ್ಡ ಸ್ಪೀಡ್‌ಬೋಟುಗಳ, ಗಸ್ತು ದೋಣಿಗಳ ಹಿಂಬದಿಯಲ್ಲಿ ಎರಡು, ಮೂರು, ನಾಲ್ಕು ಔಟ್‌ಬೋರ್ಡ್ ಎಂಜಿನ್‌ಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಪುಟ್ಟ ಕಂಪ್ಯೂಟರ್. ಎಷ್ಟು ಇಂಧನ ಬೇಕು, ಕಿಡಿ ಯಾವಾಗ ಹಾರಬೇಕು ಎಂದು ತೀರ್ಮಾನಿಸುವುದು ಅದೇ. ಇಕ್ಕಟ್ಟಾದ ಜೆಟ್ಟಿಯಲ್ಲಿ ಚಾಲಕ ಜಾಯ್‌ಸ್ಟಿಕ್ಕನ್ನು ಪಕ್ಕಕ್ಕೆ ವಾಲಿಸಿದರೆ ಒಂದು ಎಂಜಿನ್ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಳ್ಳಿ, ದೋಣಿ ಏಡಿಯಂತೆ ಅಡ್ಡಡ್ಡ ಸರಿಯುತ್ತದೆ. ಈ ಹೊಂದಾಣಿಕೆಯೆಲ್ಲ ಸಾಫ್ಟ್‌ವೇರಿನದು.

ಸಾಫ್ಟ್‌ವೇರ್ ಎಂದ ಮೇಲೆ ಅಪ್‌ಡೇಟ್ ಬಂದೇ ಬರುತ್ತದೆ. ಹಳೆಯ ಕ್ರಮದಲ್ಲಿ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಿಡಿದು ಒಂದೊಂದೇ ಎಂಜಿನ್‌ಗೆ ಹೊಸ ಫೈಲು ತುಂಬಬೇಕು. ನಾಲ್ಕು ಎಂಜಿನ್ ಇದ್ದರೆ ನಾಲ್ಕು ಪಟ್ಟು ಸಮಯ. ಇದಕ್ಕಿಂತ ಜಾಣ ದಾರಿ ಇದೆ. ಎಂಜಿನ್‌ಗಳು ಮಾತಾಡಿಕೊಳ್ಳುವ ತಂತಿ ಸಾಮಾನ್ಯವಾಗಿ ಒಂದೇ. 1986ರಲ್ಲಿ ಕಾರುಗಳಿಗೆಂದು ಹೊರಬಂದ ಕ್ಯಾನ್ ಎಂಬ ಜಾಲದ ಗುಣವೇನೆಂದರೆ, ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಫೈಲನ್ನು ಒಂದೇ ಸಲ ಗಟ್ಟಿಯಾಗಿ ಓದಿ ಹೇಳಿದರೆ ಸಾಕು. ನಾಲ್ಕೂ ಎಂಜಿನ್‌ಗಳು ಒಟ್ಟಿಗೆ ಬರೆದುಕೊಳ್ಳುತ್ತವೆ, ತಪ್ಪಿಹೋದ ತುಣುಕನ್ನಷ್ಟೇ ಮತ್ತೆ ಕೇಳುತ್ತವೆ. ಉಕ್ತಲೇಖನ ಬರೆಯುವ ತರಗತಿಯ ಹಾಗೆ. ಸಾಫ್ಟ್‌ವೇರ್ ಬರೆದು ಬದುಕುವ ನನಗೆ ಈ ಉಪಾಯದ ಮಿತವ್ಯಯ ಕಂಡು ಖುಷಿಯಾಗುತ್ತದೆ. ಆದರೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಉಕ್ತಲೇಖನದಲ್ಲಿ ಮೇಷ್ಟ್ರೇ ತಪ್ಪು ಓದಿದರೆ?

ಜೂನ್ 4, 1996ರಂದು ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲೇ ಚೂರಾಯಿತು. ದಿಕ್ಕು ತಿಳಿಸುವ ಕಂಪ್ಯೂಟರ್ ಕೈಕೊಟ್ಟರೆಂದು ಅದರಲ್ಲಿ ಮತ್ತೊಂದನ್ನು ಜೋಡಿಯಾಗಿ ಇಟ್ಟಿದ್ದರು. ಎರಡರಲ್ಲೂ ಇದ್ದದ್ದು ಏರಿಯಾನ್ 4ರಿಂದ ಬಂದ ಒಂದೇ ಸಾಫ್ಟ್‌ವೇರ್. ಹೊಸ ರಾಕೆಟ್ಟಿನ ವೇಗದಿಂದ ಹುಟ್ಟಿದ ದೊಡ್ಡ ಸಂಖ್ಯೆಯೊಂದು ಅದಕ್ಕೆ ಮೀಸಲಾದ ಸಣ್ಣ ಜಾಗದಲ್ಲಿ ಹಿಡಿಯಲಿಲ್ಲ. ಕಾಯಲು ಇದ್ದ ಕಂಪ್ಯೂಟರ್ ಮೊದಲು ಸೋತಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ್ಯ ಕಂಪ್ಯೂಟರೂ ಸೋತಿತು. ಎಣಿಕೆಗೆ ಎರಡು, ಬುದ್ಧಿಗೆ ಒಂದು.

ಸಮುದ್ರದಲ್ಲೂ ಇಂಥ ಪಾಠ ಇದೆ, ಅಲ್ಲಿ ಕಾರಣ ಸಾಫ್ಟ್‌ವೇರ್ ಅಲ್ಲದಿದ್ದರೂ. ಮಾರ್ಚ್ 23, 2019ರಂದು ನಾರ್ವೆಯ ತೀರದಲ್ಲಿ ಬಿರುಗಾಳಿಗೆ ಸಿಕ್ಕ ವೈಕಿಂಗ್ ಸ್ಕೈ ಹಡಗಿನಲ್ಲಿ 1,373 ಜನ ಇದ್ದರು. ಚಾಲನೆಯಲ್ಲಿದ್ದ ಮೂರು ಎಂಜಿನ್‌ಗಳಲ್ಲೂ ಲೂಬ್ರಿಕೇಟಿಂಗ್ ಆಯಿಲ್ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಇತ್ತು. ಹಡಗು ಹೊಯ್ದಾಡಿದಾಗ ಆಯಿಲ್ ಒತ್ತಡ ಕುಸಿದು, ಅವು ಒಂದರ ಹಿಂದೆ ಒಂದು ನಿಂತುಹೋದವು. ಬಂಡೆಗಳ ಕಡೆ ತೇಲುತ್ತಿದ್ದ ಹಡಗನ್ನು ಲಂಗರು ಹಾಕಿ, ಹೇಗೋ ಒಂದು ಎಂಜಿನ್ ಮತ್ತೆ ಚಾಲೂ ಮಾಡಿ ಉಳಿಸಿಕೊಂಡರು. ಕೊರತೆ ಹಂಚಿಕೊಂಡವು ಎಷ್ಟಿದ್ದರೂ ಒಂದೇ.

ಹಾಗಾದರೆ ಒಂದು ಎಂಜಿನ್‌ಗೆ ಹಳೆಯದನ್ನೇ ಬಿಡೋಣವೆ? ಅದೂ ಸಲ್ಲದು. ಒಂದು ಹೊಸ ರೀತಿಯಲ್ಲಿ, ಇನ್ನೊಂದು ಹಳೆಯ ರೀತಿಯಲ್ಲಿ ಸಂದೇಶವನ್ನು ಅರ್ಥ ಮಾಡಿಕೊಂಡರೆ ಜಾಯ್‌ಸ್ಟಿಕ್ ಹೇಳಿದ್ದು ದೋಣಿಗೆ ಎರಡು ಬೇರೆ ಆಜ್ಞೆಗಳಾಗಿ ತಲುಪಬಹುದು. ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುತ್ತೇವೆ ಎಂಬ ಗಾದೆ ಇಲ್ಲಿ ಒಂದೇ ದೋಣಿಯೊಳಗೆ ನಿಜವಾಗುತ್ತದೆ.

ಏಕರೂಪವಾದರೆ ತಪ್ಪೂ ಏಕರೂಪ, ಬೇರೆಯಾದರೆ ಜಗಳ. ಈ ಇಕ್ಕಟ್ಟು ಕೂಡು ಕುಟುಂಬಕ್ಕೆ, ಊರಿಗೆ, ದೇಶಕ್ಕೆ ಹೊಸದಲ್ಲ. ನನಗೆ ತೋಚುವ ಉತ್ತರ ಇಷ್ಟು: ಆಡುವ ಮಾತಿನಲ್ಲಿ ಒಮ್ಮತ ಇರಲಿ, ಕೈಕೊಡುವ ರೀತಿಯಲ್ಲಿ ಬೇಡ. ನಾಲ್ಕೂ ಎಂಜಿನ್‌ಗಳು ಹೊಸ ಫೈಲನ್ನು ಒಟ್ಟಿಗೆ ಕೇಳಿಸಿಕೊಳ್ಳಲಿ. ಆದರೆ ಪ್ರತಿಯೊಂದೂ ತನಗೆ ಬಂದದ್ದು ಪೂರ್ತಿ ಬಂದಿದೆಯೆ ಎಂದು ತಾನೇ ಪರೀಕ್ಷಿಸಲಿ, ಹಳೆಯದನ್ನು ಅಳಿಸದೆ ಇಟ್ಟುಕೊಂಡಿರಲಿ, ಯಾವುದೇ ಒಂದು ಬೇಡ ಎಂದರೆ ಎಲ್ಲವೂ ಹಳೆಯದಕ್ಕೆ ಮರಳಲಿ. ಹೊಸದೇ ತಪ್ಪಿದರೆ ಈ ಪರೀಕ್ಷೆಗೂ ಸಿಗುವುದಿಲ್ಲ. ಅದು ತಿಳಿಯುವುದು ದಡದ ಹತ್ತಿರವೇ ಓಡಿಸಿ ನೋಡಿದಾಗ.

ಇಲ್ಲಿಯೇ ನೈತಿಕ ಪ್ರಶ್ನೆ ಇರುವುದು. ಜಾಣ ಉಪಾಯದಿಂದ ಉಳಿದ ಆ ಒಂದು ಗಂಟೆ ಯಾರದು? ಅದನ್ನು ಉಳಿಸಿದವನು ಜೆಟ್ಟಿಯಲ್ಲಿ ನಿಂತಿರುತ್ತಾನೆ. ಉಳಿತಾಯದ ಬೆಲೆ ತೆರಬೇಕಾಗಿ ಬಂದರೆ ತೆರುವವರು ನೀರಿನ ಮೇಲಿರುತ್ತಾರೆ. ಆ ಗಂಟೆಯನ್ನು ಮುಂದಿನ ದೋಣಿಗೆ ಕೊಡುವುದು ವ್ಯಾಪಾರ. ಇದೇ ದೋಣಿಯ ಪ್ರಯೋಗದ ಓಟಕ್ಕೆ, ಏನು ಬದಲಾಗಿದೆ ಎಂದು ಚಾಲಕನಿಗೆ ವಿವರಿಸುವುದಕ್ಕೆ, ಅವನು ಬೇಡವೆಂದರೆ ಕೇಳಿಸಿಕೊಳ್ಳುವುದಕ್ಕೆ ಕೊಡುವುದು ಋಣ ತೀರಿಸುವ ಕ್ರಮ.

ಮನುಷ್ಯರ ಜ್ಞಾನವನ್ನು ತತ್ವಜ್ಞಾನಿ ಆಟೋ ನ್ಯೂರಾತ್ ನಡುಗಡಲಲ್ಲೇ ಹಡಗನ್ನು ಮರಳಿ ಕಟ್ಟಿಕೊಳ್ಳಬೇಕಾದ ನಾವಿಕರ ಪಾಡಿಗೆ ಹೋಲಿಸಿದ್ದ. ಬದುಕಿನ ಬಹುಪಾಲು ಬದಲಾವಣೆಗಳು ಹಾಗೆಯೇ ಆಗುತ್ತವೆ. ನಿಲ್ಲಿಸಿ ರಿಪೇರಿ ಮಾಡಲು ಬಂದರು ಸಿಗುವುದಿಲ್ಲ. ಆದರೆ ದೋಣಿಯ ಸಾಫ್ಟ್‌ವೇರ್ ಬದಲಿಸುವವರಿಗೆ ಬಂದರು ಇದೆ, ಹಗ್ಗ ಇದೆ, ಕಟ್ಟಿ ನಿಲ್ಲಿಸಲು ಗೂಟ ಇದೆ. ಇಷ್ಟೆಲ್ಲ ಇದ್ದೂ ಅವಸರ ಮಾಡುವವರು ನ್ಯೂರಾತನ ನಾವಿಕರ ಹೆಸರು ಹೇಳುವಂತಿಲ್ಲ.