ದಾನವು ಉಪಕಾರವೆ, ಋಣವೆ?

ಹಸಿದವನಿಗೆ ಅನ್ನವನ್ನಿತ್ತವನು ತಾನು ಉಪಕಾರವೆಸಗಿದೆನೆಂದು ಭಾವಿಸುವುದು ಸಾಮಾನ್ಯ. ಲೋಕದ ಮಹಾಧರ್ಮಗಳ ಆಚಾರವನ್ನು ವಿಚಾರಿಸಿದರೆ ಈ ಭಾವನೆ ನಿಲ್ಲಲಾರದು.

ಯೆಹೂದ್ಯರ ಧರ್ಮಶಾಸ್ತ್ರವು ಪೈರನ್ನು ಕೊಯ್ಯುವಾಗ ಹೊಲದ ಅಂಚನ್ನು ಬಡವನಿಗೂ ಪರದೇಶಿಗೂ ಬಿಡತಕ್ಕದ್ದೆಂದು ವಿಧಿಸುತ್ತದೆ. ಅವರು ದಾನಕ್ಕೆ ಬಳಸುವ ‘ತ್ಸೆದಾಕಾ’ ಶಬ್ದದ ಮೂಲಾರ್ಥವು ನ್ಯಾಯ. ಇಸ್ಲಾಮಿನ ಐದು ಸ್ತಂಭಗಳಲ್ಲಿ ‘ಜಕಾತ್’ ಒಂದು. ನಿಯತ ಮಿತಿಯನ್ನು ಮುಟ್ಟಿ ಒಂದು ಚಾಂದ್ರವರ್ಷ ಉಳಿದ ಹಣದಲ್ಲಿ ನೂರಕ್ಕೆ 2½ ಪಾಲನ್ನು ಕೊಡಲೇಬೇಕು. ಅದು ಬಡವರ ಹಕ್ಕು. ಥಾಯ್ಲೆಂಡಿನ ಬೌದ್ಧರಲ್ಲಿ, ಮುಂಜಾವದಲ್ಲಿ ಪಾತ್ರೆ ಹಿಡಿದು ಬರುವ ಭಿಕ್ಷುವಿಗೆ ಅನ್ನ ನೀಡಿದ ಗೃಹಸ್ಥನೇ ಕೈಮುಗಿಯುತ್ತಾನೆ. ಜನರು ನೋಡಲೆಂದು ದಾನ ಮಾಡಬಾರದೆಂಬುದು ಯೇಸುವಿನ ಬೋಧೆ.

ಕೊಡುವುದು ಕಡ್ಡಾಯವಾದರೆ ಕರುಣೆಗೆ ಎಡೆಯೆಲ್ಲಿ? ಎಂದು ಕೇಳಬಹುದು. ಋಣವೆಂದು ಕೊಡುವವನಲ್ಲಿಯೂ ಕರುಣೆಯಿರಬಲ್ಲದು. ಅಹಂಕಾರಕ್ಕೆ ಮಾತ್ರ ಅಲ್ಲಿ ಎಡೆಯಿಲ್ಲ.

ನಾನು ಒಮ್ಮೆ ಬಡ ವಿದ್ಯಾರ್ಥಿಯೊಬ್ಬನಿಗೆ ತರಗತಿಯ ಮುಂದೆ ಹೊಸ ಅಂಗಿಯನ್ನಿತ್ತೆನು. ಎಲ್ಲರೂ ನನ್ನನ್ನು ಹೊಗಳಿದರು. ಬಾಲಕನು ತಲೆ ತಗ್ಗಿಸಿ ಅದನ್ನು ಸ್ವೀಕರಿಸಿದನು. ಒಂದು ದಿನವೂ ತೊಟ್ಟು ಬರಲಿಲ್ಲ. ಅವನ ಮೈಯನ್ನು ಮುಚ್ಚಲು ಹೋಗಿ ಮಾನವನ್ನು ಕಳೆದಿದ್ದೆನು.

ಋಣ ತೀರಿಸುವವನು ಸಭೆ ಕರೆಯುವುದಿಲ್ಲ. ಸಾಲ ಕೊಟ್ಟವನ ಮನೆಗೆ ತಾನೇ ಹೋಗಿ, ಕೊಟ್ಟು ಬರುತ್ತಾನೆ. ವಾಚಕರು ಇದನ್ನು ಮನನ ಮಾಡಲಿ.