ಕಟ್ಟೋಕೆ ದುಡ್ಡಿದೆ, ನೀರು ಹಾಕೋಕೆ?

ಊರಿನ ಪಾರ್ಕು ಸರಿಮಾಡಬೇಕು ಅಂತ ನಗರಸಭೆಗೆ ಮನಸ್ಸು ಬಂದರೆ, ಅವರು ಮೊದಲು ಹುಡುಕೋದು ಒಂದು ಸ್ಕೀಮನ್ನು. ಅಮೃತ್ ಯೋಜನೆಯಲ್ಲಿ ಬರುತ್ತಾ? (ಸ್ಮಾರ್ಟ್ ಸಿಟಿ ಇದ್ದಾಗ ಅದರಲ್ಲಿ ಸೇರಿಸಬಹುದಾ ಅಂತಲೂ ನೋಡುತ್ತಿದ್ದರು.) ಯಾವುದಾದರೂ ಕಂಪನಿಯ ಸಿಎಸ್‌ಆರ್ ದುಡ್ಡು ಸಿಗುತ್ತಾ? ಸ್ಕೀಮು ಸಿಕ್ಕಿತು ಅಂದರೆ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ. ಅಂಥ ವರದಿ ತಯಾರಿಸುವ ಕಡೆ ನಾನೂ ಕೆಲವು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಅದರ ಒಳಗುಟ್ಟು ಗೊತ್ತು. ‘ಈಗಿನ ಸ್ಥಿತಿ’ ಅನ್ನೋ ಫೋಟೋವನ್ನು ಮಟಮಟ ಮಧ್ಯಾಹ್ನ ತೆಗೀಬೇಕು: ಮುರಿದ ಬೆಂಚು, ಒಣಗಿದ ಹುಲ್ಲು, ಮಲಗಿರೋ ಒಂದು ನಾಯಿ. ‘ಯೋಜನೆಯ ನಂತರ’ ಅನ್ನೋದು ಕಂಪ್ಯೂಟರಿನಲ್ಲಿ ಬರೆದದ್ದು: ಕಾರಂಜಿ, ಮೈಲುದ್ದದ ಲಾನು, ಬಲೂನು ಹಿಡಿದ ಮಗು. ಆ ಚಿತ್ರದಲ್ಲಿ ಎಂದೂ ಮಧ್ಯಾಹ್ನ ಆಗುವುದಿಲ್ಲ.

ಒಂದು ಸಣ್ಣ ಊರಿಗೆ ಅಳತೆಗೆ ಹೋಗಿದ್ದಾಗ ಅಲ್ಲಿಯ ಮಾಲಿ ನಮ್ಮ ಡ್ರಾಯಿಂಗನ್ನು ಸುಮ್ಮನೆ ನೋಡುತ್ತಾ ನಿಂತಿದ್ದರು. ಹೊರಗುತ್ತಿಗೆ ನೌಕರ, ಮೂರು ಪಾರ್ಕಿಗೆ ಅವರೊಬ್ಬರೇ. ಕೊನೆಗೆ ಕೇಳಿದರು: “ಇಷ್ಟು ಲಾನಿಗೆ ನೀರು ಯಾರು ಬಿಡ್ತಾರೆ ಸಾರ್? ಇರೋ ಬೋರು ಅರ್ಧ ಗಂಟೆ ಓಡಿದರೆ ಹೆಚ್ಚು.” ಜೊತೆಗಿದ್ದ ಎಂಜಿನಿಯರ್ ನಕ್ಕು, “ಮೊದಲು ಸ್ಯಾಂಕ್ಷನ್ ಆಗ್ಲಿ, ಆಮೇಲೆ ನೋಡೋಣ” ಅಂದರು.

ಎಂಜಿನಿಯರ್ ಕೆಟ್ಟವರೇನಲ್ಲ. ಅವರ ಜಾಗದಲ್ಲಿದ್ದರೆ ನೀವೂ ನಾನೂ ಅದನ್ನೇ ಹೇಳ್ತಿದ್ದೆವು. ಸಣ್ಣ ಊರಿನ ಆಸ್ತಿ ತೆರಿಗೆ ಸಂಬಳಕ್ಕೂ ಬೀದಿದೀಪಕ್ಕೂ ಸಾಲದು. ವರ್ಷದ ಕೊನೆಗೆ ಎಲ್ಲಿಂದಲೋ ಎರಡು ಕೋಟಿ ಬರುತ್ತೆ ಅಂದರೆ, ಬೇಡ ಅನ್ನುವ ಧೈರ್ಯ ಯಾವ ಅಧ್ಯಕ್ಷರಿಗಿದೆ? ಇವರು ಬಿಟ್ಟರೆ ಪಕ್ಕದ ಊರು ತಗೊಳ್ಳುತ್ತೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಮ್ಮಿಂದ ಸಾಕೋಕೆ ಆಗಲ್ಲ ಅಂತ ಗೊತ್ತಿದ್ದೂ ಒಂದು ವಸ್ತುವನ್ನು ಕೇಳಿ ಪಡೆಯೋದು ಸರಿಯಾ? ಇಲ್ಲಿ ಯಾರೂ ಲಂಚ ತಿಂದಿಲ್ಲ, ಲೆಕ್ಕ ತಪ್ಪಿಸಿಲ್ಲ. ಆದರೂ ಅರ್ಜಿಯಲ್ಲಿ ಹೇಳಿದ ಆ ಹಸಿರು ಪಾರ್ಕು ಮೂರನೇ ಬೇಸಿಗೆ ಕಾಣೋದಿಲ್ಲ ಅನ್ನೋದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಇಬ್ಬರೂ ನಂಬದ ಮಾತಿಗೆ ಸುಳ್ಳು ಅನ್ನಬೇಕೋ, ಪದ್ಧತಿ ಅನ್ನಬೇಕೋ?

ನನಗೆ ಇದು ಸುಳ್ಳೇ ಅನ್ನಿಸುತ್ತೆ. ಹೇಳಿದವರು ಯಾರೂ ಇಲ್ಲದ ಸುಳ್ಳು. ನಿಯಮಗಳೇ ಅದನ್ನು ಹೇಳಿಸುತ್ತವೆ. 2015ರಲ್ಲಿ 500 ನಗರಗಳಿಗಾಗಿ ಬಂದ ಅಮೃತ್ ಯೋಜನೆಯನ್ನೇ ನೋಡಿ. ಕುಡಿಯುವ ನೀರು, ಒಳಚರಂಡಿಯ ಜೊತೆ ಪಾರ್ಕುಗಳಿಗೂ ಅದರಲ್ಲಿ ಜಾಗ ಇತ್ತು, ಮೊತ್ತದ ಗರಿಷ್ಠ ಶೇ. 2.5ರಷ್ಟು. ನಿರ್ವಹಣೆಗೆ ಯೋಜನೆ ಇರಬೇಕು ಅಂತಲೂ ಅದು ಹೇಳಿತ್ತು. ಆದರೆ ಆ ಖರ್ಚನ್ನು ಯೋಜನಾ ವೆಚ್ಚದೊಳಗೆ ಸೇರಿಸುವಂತಿಲ್ಲ. ರಾಜ್ಯ, ಇಲ್ಲವೇ ನಗರ ಬೇರೆ ಎಲ್ಲಿಂದಾದರೂ ಹೊಂದಿಸಿಕೊಳ್ಳಬೇಕು. ಅದೇ ವರ್ಷ ಜೂನ್‌ನಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮಿಷನ್‌ಗೆ ಕೊನೆಯ ದಿನಾಂಕ ಇರುತ್ತೆ. ಹೊಂಗೆ ಗಿಡಕ್ಕೆ ಇರಲ್ಲ.

‘ಅನುದಾನ’ ಅನ್ನೋ ಪದದಲ್ಲಿ ದಾನ ಇದೆ. ದಾನ ಕೊಡೋದು ಹೇಗೆ ಅಂತ ನಮ್ಮ ಊರುಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹಳೆಯ ದಾನಶಾಸನಗಳನ್ನು ನೋಡಿ. ಕೆರೆ ಕಟ್ಟಿಸಿದವರು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಅದರ ಕೆಳಗೆ ಒಂದಿಷ್ಟು ಗದ್ದೆಯನ್ನು ಕೆರೆಯ ಹೆಸರಿಗೇ ಬಿಡುತ್ತಿದ್ದರು. ಬಿತ್ತುವಟ್ಟ, ಕೆರೆಗೊಡಗೆ ಅನ್ನೋ ಪದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಗದ್ದೆಯ ಬೆಳೆಯಲ್ಲಿ ಏರಿ ದುರಸ್ತಿ ಆಗಬೇಕು, ಹೂಳು ತೆಗೀಬೇಕು. ಸೂರ್ಯಚಂದ್ರರಿರುವವರೆಗೆ ಇದು ನಡೀಬೇಕು, ಕೆಡಿಸಿದವನಿಗೆ ವಾರಾಣಸಿಯಲ್ಲಿ ಗೋವು ಕೊಂದ ಪಾಪ ಬರಲಿ ಅಂತ ಕೊನೆಗೊಂದು ಶಾಪ ಬೇರೆ. (ಇಂದಿನ ಯುಟಿಲೈಸೇಶನ್ ಸರ್ಟಿಫಿಕೇಟಿನಲ್ಲಿ ಈ ಒಂದು ಸಾಲು ಇದ್ದಿದ್ದರೆ ಎಷ್ಟು ಜನ ಸಹಿ ಹಾಕುತ್ತಿದ್ದರೋ!) ಆ ಕಾಲವನ್ನು ಹೊಗಳೋದು ನನ್ನ ಉದ್ದೇಶ ಅಲ್ಲ. ಆ ಗದ್ದೆಯಲ್ಲಿ ಬೆವರು ಸುರಿಸಿದವರು ಯಾರು, ಕೆರೆಗೆ ಇಳಿಯೋಕೆ ಯಾರಿಗೆ ಬಿಡುತ್ತಿರಲಿಲ್ಲ ಅನ್ನೋದೂ ನೆನಪಿರಬೇಕು. ಆದರೆ ಕಟ್ಟೋದು ಬೇರೆ, ಸಾಕೋದು ಬೇರೆ, ಎರಡಕ್ಕೂ ಈಗಲೇ ದಾರಿ ಮಾಡಬೇಕು ಅನ್ನೋ ಮಟ್ಟಿಗೆ ಅವರ ತಿಳಿವಳಿಕೆ ನಮ್ಮ ಡಿಪಿಆರ್‌ಗಿಂತ ಮುಂದಿತ್ತು.

ಲಾಲ್‌ಬಾಗ್ ಉಳಿದದ್ದೂ ಹೀಗೇ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಅದು. ನಾವು ಫೋಟೋ ತೆಗೆಯೋದು 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯದ್ದು. ಆದರೆ ತೋಟವನ್ನು ಉಳಿಸಿದ್ದು ಕೃಂಬಿಗಲ್, ಜವರಾಯ, ಮರಿಗೌಡರಂಥವರ ಒಂದು ಸರಪಳಿ, ಅವರ ಕೆಳಗೆ ಹೆಸರಿಲ್ಲದ ನೂರಾರು ಮಾಲಿಗಳು. ಪ್ರತಿ ತಿಂಗಳು ಯಾರೋ ಸಂಬಳ ಕೊಡುತ್ತಾ ಬಂದರು ಅನ್ನೋದು ಅದರ ಹಿಂದಿರುವ ಬೋರಿಂಗ್ ಸತ್ಯ.

ಅಮೆರಿಕದಲ್ಲಿ ಒಂದು ಕಾನೂನಿದೆ, 1964ರದ್ದು: ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್. ಬಹುಪಾಲು ಸಮುದ್ರದ ತೈಲ, ಅನಿಲದ ಆದಾಯದಿಂದ ಬರುವ ಹಣ. ಊರಿನ ಪಾರ್ಕು ಸುಧಾರಿಸೋಕೆ ಅರ್ಧ ಖರ್ಚು ಅದು ಕೊಡುತ್ತೆ, ಉಳಿದರ್ಧ ಸ್ಥಳೀಯರೇ ಹಾಕಬೇಕು. ಷರತ್ತು ಮಾತ್ರ ಭಯಂಕರ: ಆ ಜಾಗ ಎಂದೆಂದಿಗೂ ಸಾರ್ವಜನಿಕರ ಹೊರಾಂಗಣ ವಿಹಾರಕ್ಕೇ ಇರಬೇಕು, ಅದನ್ನು ಸುಸ್ಥಿತಿಯಲ್ಲಿ ಇಟ್ಟಿರಬೇಕು. ಬೇರೆ ಉಪಯೋಗಕ್ಕೆ ತಗೊಂಡರೆ ಅಷ್ಟೇ ಬೆಲೆಯ, ಅಷ್ಟೇ ಉಪಯುಕ್ತವಾದ ಇನ್ನೊಂದು ಜಾಗ ಕೊಡಬೇಕು. ಐದು ವರ್ಷಕ್ಕೊಮ್ಮೆ ತಪಾಸಣೆ. ನಮ್ಮಲ್ಲೂ ಪಾರ್ಕುಗಳ ಜಾಗ ಕಾಯೋಕೆ 1975ರದ್ದೊಂದು, 1985ರದ್ದೊಂದು ಕಾಯ್ದೆ ಇವೆ. ಅವು ಭೂಮಿಯನ್ನು ಕಾಯುತ್ತವೆ, ಗಿಡಕ್ಕೆ ನೀರು ಹಾಕಿಸೋದಿಲ್ಲ.

ಇದನ್ನು ಹೇಳಿದಾಗ ಗೆಳೆಯನೊಬ್ಬ ತಕರಾರು ತೆಗೆದ. “ಇವತ್ತಿನ ಹತ್ತು ಕೌನ್ಸಿಲರ್‌ಗಳು ಸಹಿ ಹಾಕಿ ಇನ್ನೂ ಹುಟ್ಟದೇ ಇರೋರ ಕೈ ಕಟ್ಟಿಹಾಕೋದು ಯಾವ ನ್ಯಾಯ ಕಣೋ? ನಾಳೆ ಅವರಿಗೆ ಅಲ್ಲಿ ಆಸ್ಪತ್ರೆ ಬೇಕು ಅನ್ನಿಸಬಹುದು.” ಒಳ್ಳೆ ಪ್ರಶ್ನೆ. ನನ್ನ ಹತ್ತಿರ ಇರೋದು ಅರ್ಧ ಉತ್ತರ. ನಾವು ಏನೂ ಮಾತು ಕೊಡದೆ ಕಟ್ಟಿ ಹೋದರೂ ಅವರ ಕೈ ಕಟ್ಟಿರುತ್ತೆ: ಕೆಟ್ಟ ಪಂಪು, ತುಕ್ಕು ಹಿಡಿದ ಜಿಮ್ಮು, ಪಾವತಿಯಾಗದ ಕರೆಂಟ್ ಬಿಲ್ಲು ಅವರ ಪಾಲಿಗೇ ಬರೋದು. ಎರಡರಲ್ಲೂ ನಾವು ಅವರ ಪರವಾಗಿ ತೀರ್ಮಾನ ಮಾಡ್ತೀವಿ. ಮೊದಲನೆಯದರಲ್ಲಿ ಕನಿಷ್ಠ ಅದನ್ನು ಬಾಯಿಬಿಟ್ಟು ಹೇಳಿರ್ತೀವಿ.

ಇನ್ನೊಂದು ತಮಾಷೆ ಇದೆ. ಇದು ನಿಜಕ್ಕೂ ದಾನವೇ ಅಲ್ಲ, ನಾವೇ ಕಟ್ಟಿದ ತೆರಿಗೆ ಸುತ್ತಾಡಿಕೊಂಡು ವಾಪಸ್ ಬರೋದು. ಆದರೂ ‘ಇಷ್ಟು ಕೋಟಿ ಅನುದಾನ ತಂದ ನಾಯಕರಿಗೆ ಅಭಿನಂದನೆ’ ಅಂತ ಫ್ಲೆಕ್ಸ್ ಬೀಳುತ್ತೆ. ‘ಎಂಟು ಬೇಸಿಗೆ ಹುಲ್ಲು ಒಣಗಲು ಬಿಡದ ನಗರಸಭೆಗೆ ಅಭಿನಂದನೆ’ ಅಂತ ಯಾವ ಸರ್ಕಲ್ಲಿನಲ್ಲೂ ನಾನು ನೋಡಿಲ್ಲ.

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಊರಿಗೆ ಎರಡು ಕೋಟಿ ಬಂತು ಅಂದುಕೊಳ್ಳಿ. ಮೂರು ಜನ ಮಾಲಿಗಳು, ತಲಾ ತಿಂಗಳಿಗೆ 15,000 ಅಂದರೂ ವರ್ಷಕ್ಕೆ 5.4 ಲಕ್ಷ. ನೀರು, ಕರೆಂಟು, ಸಣ್ಣಪುಟ್ಟ ರಿಪೇರಿಗೆ 1.6 ಲಕ್ಷ. ಒಟ್ಟು ಏಳು ಲಕ್ಷ. ಒಂದು ಕೋಟಿಯನ್ನು ಶೇ. 7ರ ಬಡ್ಡಿಗೆ ಇಟ್ಟರೆ ಅಷ್ಟೇ ಬರುತ್ತೆ. ಬೆಲೆಯೇರಿಕೆ ಸ್ವಲ್ಪ ಬದಿಗಿಡಿ. ಅಂದರೆ ಕಾರಂಜಿ, ಸೆಲ್ಫಿ ಪಾಯಿಂಟು ಬಿಟ್ಟು ಉಳಿದ ಒಂದು ಕೋಟಿಯಲ್ಲಿ ಚಿಕ್ಕದಾಗಿ ಕಟ್ಟಿದರೆ ಪಾರ್ಕು ಬದುಕುತ್ತೆ. ಇದು ಹಳೇ ಬಿತ್ತುವಟ್ಟವೇ, ಗದ್ದೆಯ ಬದಲು ಎಫ್‌ಡಿ. ಆದರೆ ಯೋಜನೆಯ ದುಡ್ಡನ್ನು ಹಾಗೆ ಬ್ಯಾಂಕಿನಲ್ಲಿ ಇಟ್ಟರೆ ‘ಖರ್ಚಾಗದ ಹಣ’ ಅಂತ ಆಡಿಟ್‌ನಲ್ಲಿ ಸಿಕ್ಕಿಬೀಳೋದು ಅಧಿಕಾರಿಯೇ. ಉಳಿಸಿದವನಿಗೆ ನೋಟಿಸು, ಮುಗಿಸಿದವನಿಗೆ ಶಭಾಷ್.

ಈ ಲೆಕ್ಕ ನಮಗೇನೂ ಹೊಸದಲ್ಲ ಅನ್ನೋದೇ ವಿಚಿತ್ರ. ಫ್ಲ್ಯಾಟ್ ಕೊಳ್ಳೋಕೆ ಹೋದಾಗ ಕ್ಲಬ್‌ಹೌಸ್ ನೋಡಿ ಮರುಳಾಗದೆ, “ಕಾರ್ಪಸ್ ಫಂಡ್ ಎಷ್ಟಿದೆ, ಚದರಡಿಗೆ ಮೇಂಟೆನೆನ್ಸ್ ಎಷ್ಟು, ಲಿಫ್ಟಿನ ಎಎಂಸಿ ಯಾರ ಹೆಸರಲ್ಲಿದೆ” ಅಂತ ಬಿಲ್ಡರ್‌ನನ್ನು ಹಿಂಡಿ ಕೇಳ್ತೀವಿ. ಅಸೋಸಿಯೇಶನ್ ಮೀಟಿಂಗಲ್ಲಿ ತೋಟದ ಗುತ್ತಿಗೆ ಬಗ್ಗೆ ಎರಡು ಗಂಟೆ ಜಗಳ ಆಡ್ತೀವಿ. ಗೇಟಿನಾಚೆ, ರಸ್ತೆ ದಾಟಿದರೆ ವಾರ್ಡಿನ ಪಾರ್ಕು. ಅಲ್ಲಿ ಹೊಸ ಕೆಲಸದ ಬೋರ್ಡು ಬಿದ್ದಿದ್ದರೆ ನಮ್ಮ ಕಣ್ಣು ಹೋಗೋದು ‘ಅಂದಾಜು ಮೊತ್ತ’ ಅನ್ನೋ ಸಾಲಿಗೆ. ಅದರ ಕೆಳಗೆ ‘ವಾರ್ಷಿಕ ನಿರ್ವಹಣೆ’ ಅನ್ನೋ ಸಾಲು ಇರಲ್ಲ, ಅದನ್ನು ಯಾಕೆ ಬರೆದಿಲ್ಲ ಅಂತ ಕೇಳಿ ವಾರ್ಡ್ ಆಫೀಸಿಗೆ ಯಾರೂ ಈಮೇಲ್ ಕಳಿಸಲ್ಲ.